ಹಗ್ಗ, ಹಾವು ಮತ್ತು ಬೆಂಗಳೂರಿನ ಇಲಿಗಳು

ಹಾವು ಕಚ್ಚಿದವನು ಹಗ್ಗ ಕಂಡರೂ ಬೆಚ್ಚುತ್ತಾನೆ ಅಂತಾರೆ. ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆಯ ತೋಟದ ಮನೆಗಳಲ್ಲಿ ಇದು ಬರೀ ಮಾತಲ್ಲ. ದರಗಿನ ನಡುವೆ ಕೊಳಕುಮಂಡಲದ ಮೇಲೆ ಕಾಲಿಟ್ಟು, ಆಸ್ಪತ್ರೆ ಸೇರಿ, ಪುಣ್ಯಕ್ಕೆ ಬದುಕಿ ಬಂದವರು ಈ ಕಡೆ ಅಪರೂಪವೇನಲ್ಲ. ಕಾಲಿನ ಊತ ಇಳಿದಿರುತ್ತದೆ, ಗಾಯ ಮಾಗಿರುತ್ತದೆ. ಆದರೆ ಕೊಟ್ಟಿಗೆಯಲ್ಲಿ ಬಿದ್ದಿರುವ ದನದ ಹಗ್ಗ, ತೋಟದ ಕರಿ ಪೈಪು ಕಂಡರೆ ಎದೆ ಧಸಕ್ಕೆನ್ನುತ್ತದೆ. "ಇಷ್ಟು ದೊಡ್ಡ ಗಂಡಸು, ಪೈಪಿಗೆ ಹೆದರ್ತಾನಲ್ಲ ಮಾರಾಯ್ರೆ" ಅಂತ ಉಳಿದವರು ನಗುವುದೂ ಉಂಟು. ನಗುವವರಿಗೆ ಒಂದು ಉತ್ತರ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಸಿದ್ಧವಾಗಿದೆ. ಅದರ ಕಥೆ ಹೇಳೋಣ ಅಂತ ಈ ಬರಹ.

ಹಗ್ಗ-ಹಾವು ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಶೃಂಗೇರಿಯ ವೇದಾಂತವೇ. ಮಬ್ಬು ಬೆಳಕಿನಲ್ಲಿ ಹಗ್ಗ ಹಾವಾಗಿ ಕಾಣುತ್ತದೆ, ದೀಪ ತಂದರೆ ಹಾವು ಇಲ್ಲವಾಗುತ್ತದೆ. ಈ ದೃಷ್ಟಾಂತ ಶಂಕರರಿಗಿಂತ ಹಳೆಯದು, ಗೌಡಪಾದರ ಕಾರಿಕೆಯಲ್ಲೇ ಇದೆ. ಹಾವಿಲ್ಲ ಅಂತ ಗೊತ್ತಾದ ಮೇಲೆ ಭಯಕ್ಕೆ ಕಾರಣವೇ ಉಳಿಯಬಾರದು, ಅಲ್ವಾ? ಆದರೆ ಕಚ್ಚಿಸಿಕೊಂಡವನ ಕೈಗೆ ಟಾರ್ಚು ಕೊಟ್ಟು ನೋಡಿ. ಹಗ್ಗ ಅಂತ ಅವನಿಗೂ ಗೊತ್ತು. ಕಾಲು ಮಾತ್ರ ನಡುಗುತ್ತಲೇ ಇರುತ್ತದೆ. ವೇದಾಂತ ಹೇಳುತ್ತಿರುವುದು ಬೇರೆಯದೇ ವಿಷಯ, ಅದಕ್ಕೂ ಇದಕ್ಕೂ ಜಗಳ ಹಚ್ಚುವ ಉದ್ದೇಶ ನನಗಿಲ್ಲ. ಆದರೆ ಗೊತ್ತಿರುವುದು ಒಂದು, ಹೆದರುವುದು ಇನ್ನೊಂದು ಯಾಕೆ ಎಂಬ ಪ್ರಶ್ನೆ ಉಳಿಯುತ್ತದೆ.

ಭಯದ ಸಂಶೋಧನೆಯ ಚರಿತ್ರೆಯಲ್ಲೂ ಮತ್ತೆ ಮತ್ತೆ ಹಾವು ಬರುತ್ತದೆ ಎನ್ನುವುದು ತಮಾಷೆ. 1937ರ ಸುಮಾರಿಗೆ ಶಿಕಾಗೋದಲ್ಲಿ ಕ್ಲೂವರ್ ಮತ್ತು ಬ್ಯೂಸಿ ಎಂಬಿಬ್ಬರು ಕೋತಿಗಳ ಮಿದುಳಿನ ಎರಡೂ ಪಕ್ಕದ ಕೆಳಭಾಗವನ್ನು ತೆಗೆದು ನೋಡಿದರು. ಹಾವು ಕಂಡರೆ ಕಿರುಚಿ ಓಡುವ ಕೋತಿಗಳು ಆಮೇಲೆ ಹಾವಿನ ಹತ್ತಿರ ತಾವಾಗಿಯೇ ಹೋಗತೊಡಗಿದವು! ತೆಗೆದ ಭಾಗ ದೊಡ್ಡದಿತ್ತು, ಅದರೊಳಗೆ ಯಾವುದು ಮುಖ್ಯ ಅಂತ ತಿಳಿದಿರಲಿಲ್ಲ. 1956ರಲ್ಲಿ ವೈಸ್‌ಕ್ರಾಂಟ್ಸ್ ಅದನ್ನು ಅಮಿಗ್ಡಲಾ ಎಂಬ ಬಾದಾಮಿ ಗಾತ್ರದ ಗಂಟಿಗೆ ತಂದು ನಿಲ್ಲಿಸಿದರು. ಮುಂದೆ ಎಂಬತ್ತರ ದಶಕದಿಂದ ಅಮೆರಿಕದ ಜೋಸೆಫ್ ಲೆಡೂ ಇಲಿಗಳಿಗೆ ಒಂದು ಶಬ್ದ ಕೇಳಿಸಿ, ಜೊತೆಗೇ ಕಾಲಿಗೆ ಸಣ್ಣ ಶಾಕ್ ಕೊಟ್ಟು, ಆ ಶಬ್ದ ಕಿವಿಯಿಂದ ಅಮಿಗ್ಡಲಾಕ್ಕೆ ಯಾವ ದಾರಿಯಲ್ಲಿ ಹೋಗುತ್ತದೆ ಅಂತ ಹುಡುಕಿದರು. ಸಿಕ್ಕಿದ್ದು ಎರಡು ದಾರಿ. ಒಂದು ಯೋಚಿಸುವ ಮಿದುಳನ್ನು ಹಾದು ಸುತ್ತಿ ಬರುವ ದೂರದ ದಾರಿ, ಇನ್ನೊಂದು ನಮ್ಮ ಗದ್ದೆಯ ಅಂಚಿನ ಹಾಗೆ ಒಳದಾರಿ. ಒಳದಾರಿಯಲ್ಲಿ ಬಂದ ಸುದ್ದಿ ಅರೆಬರೆ, ಆದರೆ ಬೇಗ ಮುಟ್ಟುತ್ತದೆ. ಕಾಡಿನಲ್ಲಿ ನಡೆಯುವವನು ಡೊಂಕು ಕಡ್ಡಿ ಕಂಡು ಮೊದಲು ಹಾರಿ, ಆಮೇಲೆ ಕಡ್ಡಿ ಅಂತ ತಿಳಿಯುತ್ತಾನಲ್ಲ, ಲೆಡೂ ಕೊಟ್ಟ ಉದಾಹರಣೆಯೂ ಅದೇ. ಗೌಡಪಾದರ ಹಗ್ಗ ಇಲ್ಲಿ ಕಡ್ಡಿಯಾಗಿದೆ, ಅಷ್ಟೇ :)

ಇದು ಎಲ್ಲರೂ ಒಂದು ಕ್ಷಣ ಬೆಚ್ಚುವುದಕ್ಕೆ ಉತ್ತರ. ಕಚ್ಚಿಸಿಕೊಂಡವನು ತಿಂಗಳುಗಟ್ಟಲೆ ಬೆಚ್ಚುವುದಕ್ಕೆ ಅಲ್ಲ. ಅಲ್ಲಿಂದ ಮುಂದಿನದ್ದು ಬೆಂಗಳೂರಿನ ಕಥೆ.

ಸುಮಂತ್ರ ಚಟರ್ಜಿ ಕಾನ್ಪುರದ ಐಐಟಿಯಲ್ಲಿ ಭೌತವಿಜ್ಞಾನ ಓದಿ, ಜಾನ್ಸ್ ಹಾಪ್ಕಿನ್ಸ್‌ನಲ್ಲಿ ನರವಿಜ್ಞಾನದ ಪಿಎಚ್‌ಡಿ ಮುಗಿಸಿ, ಯೇಲ್ ಮತ್ತು ಎಂಐಟಿಗಳಲ್ಲಿ ಕೆಲಸ ಮಾಡಿ, 1999ರಲ್ಲಿ ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ಎನ್.ಸಿ.ಬಿ.ಎಸ್. ಸೇರಿದವರು. ಆ ಹೊತ್ತಿಗೆ ಒತ್ತಡ ಮಿದುಳಿಗೆ ಏನು ಮಾಡುತ್ತದೆ ಅಂತ ನ್ಯೂಯಾರ್ಕಿನ ಬ್ರೂಸ್ ಮೆಕ್‌ಇವನ್ ಗುಂಪು ತೋರಿಸಿಯಾಗಿತ್ತು. ಹಿಪ್ಪೊಕ್ಯಾಂಪಸ್ ಅಂತ ಇನ್ನೊಂದು ಭಾಗವಿದೆ. ಯಾವಾಗ, ಎಲ್ಲಿ, ಏನಾಯಿತು ಎಂಬ ಸಾದಾ ನೆನಪಿನ ಕೆಲಸ ಅದರದ್ದು. ದಿನವೂ ಒತ್ತಡ ಕೊಟ್ಟರೆ ಅಲ್ಲಿನ ನರಕೋಶಗಳ ಕೊಂಬೆಗಳು ಕುಗ್ಗುತ್ತವೆ. ಆದರೆ ಒಂದು ತೊಡಕು ನೋಡಿ. ಒತ್ತಡದಿಂದ ನೆನಪು ಕುಂದುತ್ತದೆ ಸರಿ, ಭಯ ಮಾತ್ರ ಹೆಚ್ಚಾಗುತ್ತದಲ್ಲ? ಹಾಗಿದ್ದರೆ ಅಮಿಗ್ಡಲಾದಲ್ಲಿ ಏನಾಗುತ್ತಿದೆ?

ಅಜಯ್ ವ್ಯಾಸ್, ರೂಪ್ಶಿ ಮಿತ್ರ ಎಂಬ ವಿದ್ಯಾರ್ಥಿಗಳು, ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಮತ್ತು ಚಟರ್ಜಿ ಸೇರಿ ಇದನ್ನು ನೋಡಿದರು. ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದ ಹಾಗೆ ಹಿಡಿದಿಡುವುದು, ಆಮೇಲೆ ಅವುಗಳ ಮಿದುಳಿನ ಕೋಶಗಳನ್ನು ಗಾಲ್ಜಿ ವಿಧಾನದಲ್ಲಿ ಬಣ್ಣಗಟ್ಟಿಸಿ ಅಳೆಯುವುದು. ಈ ವಿಧಾನ 1873ರಷ್ಟು ಹಳೆಯದು. ಬೆಳ್ಳಿಯ ಲವಣ ಎಲ್ಲೋ ಕೆಲವು ಕೋಶಗಳನ್ನು ಮಾತ್ರ ಹಿಡಿಯುತ್ತದೆ, ಹಿಡಿದದ್ದನ್ನು ಬುಡದಿಂದ ತುದಿಯವರೆಗೆ ಕಪ್ಪಾಗಿಸುತ್ತದೆ. ಎಲೆ ಉದುರಿದ ಮರವನ್ನು ಸಂಜೆಯ ಆಕಾಶಕ್ಕೆ ಹಿಡಿದು ನೋಡಿದ ಹಾಗೆ. ಸೂಕ್ಷ್ಮದರ್ಶಕದಡಿ ಒಂದೊಂದೇ ಮರದ ಒಂದೊಂದೇ ಕೊಂಬೆ ಅಳೆಯಬೇಕು. ತಾಳ್ಮೆಯ ಕೆಲಸ, ಅಡಿಕೆ ಸುಲಿಯುವವರಿಗೆ ಅರ್ಥವಾಗುವಂಥದ್ದು.

2002ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಅದೇ ಇಲಿ, ಅದೇ ಒತ್ತಡ. ಹಿಪ್ಪೊಕ್ಯಾಂಪಸ್ಸಿನಲ್ಲಿ ಕೊಂಬೆ ಕುಗ್ಗಿತ್ತು, ಅಮಿಗ್ಡಲಾದಲ್ಲಿ ಕೊಂಬೆ ಬೆಳೆದಿತ್ತು! 2004ರಲ್ಲಿ ಇದಕ್ಕೆ ಇನ್ನೊಂದು ಮಾತು ಸೇರಿತು. ಇಲಿಗಳಿಗೆ 21 ದಿನ ಪೂರ್ತಿ ವಿಶ್ರಾಂತಿ ಕೊಟ್ಟರೆ ಹಿಪ್ಪೊಕ್ಯಾಂಪಸ್ ಮೊದಲಿನಂತಾಗುತ್ತದೆ, ಅಮಿಗ್ಡಲಾ ಆಗುವುದಿಲ್ಲ. ಇಲಿಯ ಕಳವಳವೂ ಹೋಗುವುದಿಲ್ಲ. "ಸ್ವಲ್ಪ ದಿನ ರೆಸ್ಟ್ ತಗೊಂಡ್ರೆ ಎಲ್ಲ ಸರಿಹೋಗತ್ತೆ" ಅನ್ನುವವರು ಇದನ್ನು ಓದಬೇಕು.

ನನ್ನನ್ನು ಹೆಚ್ಚು ಕಾಡಿದ್ದು 2005ರ ಫಲಿತಾಂಶ. ಈ ಸಲ ಹತ್ತು ದಿನ ಅಲ್ಲ, ಒಂದೇ ಸಲ, ಎರಡೇ ಗಂಟೆ. ಮಾರನೇ ದಿನ ನೋಡಿದರೆ ಅಮಿಗ್ಡಲಾದಲ್ಲಿ ಏನೂ ಬದಲಾವಣೆ ಇಲ್ಲ. ಹತ್ತು ದಿನ ಬಿಟ್ಟು ನೋಡಿದರೆ ಕೊಂಬೆಗಳ ಮೇಲೆ ಮುಳ್ಳಿನಂಥ ಹೊಸ ಚಿಗುರುಗಳು, ಅಂದರೆ ಕೋಶಕೋಶಗಳು ಬೆಸೆದುಕೊಳ್ಳುವ ಜಾಗಗಳು ಹೆಚ್ಚಿವೆ, ಜೊತೆಗೆ ಕಳವಳವೂ ಬಂದಿದೆ. ಪೆಟ್ಟು ಬಿದ್ದ ದಿನ ಕಾಣದ್ದು ಹತ್ತನೇ ದಿನ ಕಾಣಿಸಿಕೊಳ್ಳುತ್ತದೆ.

ಇನ್ನು ಹಗ್ಗದ ವಿಷಯ. 2015ರಲ್ಲಿ ಸುಪ್ರಿಯಾ ಘೋಷ್ ಮತ್ತು ಚಟರ್ಜಿ ಇಲಿಗಳಿಗೆ ಎರಡು ಶಬ್ದ ಕೇಳಿಸಿದರು. ಒಂದರ ಜೊತೆ ಸಣ್ಣ ಶಾಕ್, ಇನ್ನೊಂದರ ಜೊತೆ ಏನೂ ಇಲ್ಲ. ಇಲಿಗಳು ವ್ಯತ್ಯಾಸ ಕಲಿತವು, ಅಪಾಯದ ಶಬ್ದಕ್ಕೆ ಮಾತ್ರ ಸ್ತಬ್ಧವಾದವು. ಶಾಕ್ ಜೋರು ಮಾಡಿದಾಗ ಎರಡೂ ಶಬ್ದಕ್ಕೆ ಹೆದರತೊಡಗಿದವು. ಆ ಹೊತ್ತಿನಲ್ಲಿ ಅಮಿಗ್ಡಲಾದ ಒಂದೊಂದೇ ಕೋಶದ ಮಿಡಿತವನ್ನು ಅವರು ದಾಖಲಿಸುತ್ತಿದ್ದರು. ಮೊದಲು ಅಪಾಯದ ಶಬ್ದಕ್ಕಷ್ಟೇ ಮಿಡಿಯುತ್ತಿದ್ದ ಕೋಶಗಳಲ್ಲಿ ಕೆಲವು ಈಗ ನಿರಪಾಯದ ಶಬ್ದಕ್ಕೂ ಮಿಡಿಯುತ್ತಿದ್ದವು. ಹಾವಿಗೆ ಮಾತ್ರ ಎಚ್ಚರವಾಗುತ್ತಿದ್ದ ಕೋಶ ಹಗ್ಗಕ್ಕೂ ಎಚ್ಚರವಾಯಿತು ಅಂದರೆ ತಪ್ಪಾಗಲಾರದು. ಹೆದರಿಕೆ ಒಂದು ಮಟ್ಟ ದಾಟಿದರೆ ಬೇರ್ಪಡಿಸುವ ಶಕ್ತಿಯೇ ಹೋಗುತ್ತದೆ. ಕಚ್ಚಿಸಿಕೊಂಡವನು ಪುಕ್ಕಲನಾದ ಅಂತ ನಾವು ನಗುತ್ತಿದ್ದದ್ದು ಇದಕ್ಕೆ.

ಇಲ್ಲೊಂದು ಅಡ್ಡಮಾತು. ಶೃಂಗೇರಿಗೆ ಹೋದವರು ತುಂಗೆಯ ದಡದಲ್ಲಿ ಕಪ್ಪೆ ಶಂಕರ ನೋಡಿರುತ್ತೀರಿ. ಬಿಸಿಲಿಗೆ ನರಳುವ ಬಸುರಿ ಕಪ್ಪೆಗೆ ನಾಗರಹಾವು ಹೆಡೆ ಬಿಚ್ಚಿ ನೆರಳಾದ ಕಥೆ. ಮೇಲೆ ಹೇಳಿದ ಅಜಯ್ ವ್ಯಾಸ್ ಮುಂದೆ ಅಮೆರಿಕದಲ್ಲಿದ್ದಾಗ, 2007ರಲ್ಲಿ, ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಹೊಕ್ಕ ಇಲಿ ಬೆಕ್ಕಿನ ವಾಸನೆಗೆ ಹೆದರುವುದನ್ನೇ ಬಿಡುತ್ತದೆ, ಉಳಿದ ಭಯಗಳು ಹಾಗೇ ಇರುತ್ತವೆ ಅಂತ ತೋರಿಸಿದರು. ಅಲ್ಲಿ ನೆರಳು ಕೊಡುವ ಹಾವಿಲ್ಲ, ಇಲಿ ಬೆಕ್ಕಿನ ಹೊಟ್ಟೆ ಸೇರಿದರೆ ಪರಾವಲಂಬಿಗೆ ಲಾಭ!

ಹತ್ತು ದಿನದ ಅವಧಿಗೆ ಮರಳೋಣ, ಯಾಕೆಂದರೆ ನಮಗೆ ಬೇಕಾದದ್ದು ಅದರಲ್ಲೇ ಇದೆ. ಒತ್ತಡದ ಹಾರ್ಮೋನು ಕೆಟ್ಟದ್ದು ಅಂತಲೇ ಎಲ್ಲರ ನಂಬಿಕೆ. 2012ರಲ್ಲಿ ಇದೇ ಗುಂಪು ಉಲ್ಟಾ ಫಲಿತಾಂಶ ಕಂಡಿತು: ಪೆಟ್ಟಿಗೆ ಮುಂಚೆಯೇ ಆ ಹಾರ್ಮೋನು ಹೆಚ್ಚಿದ್ದರೆ ಹತ್ತನೇ ದಿನದ ಚಿಗುರು ಬರುವುದಿಲ್ಲ. 2020ರಲ್ಲಿ, ಪೆಟ್ಟಿನ ನಂತರ ಕುಡಿಯುವ ನೀರಿನಲ್ಲಿ ಬೆರೆಸಿ ಕೊಟ್ಟರೂ ಇಲಿಗಳಿಗೆ ರಕ್ಷಣೆ ಸಿಗುತ್ತದೆ ಅಂತ ತೋರಿಸಿದರು. ಇಷ್ಟಕ್ಕೇ 'ಭಯಕ್ಕೆ ಮದ್ದು ಸಿಕ್ಕಿತು' ಅಂತ ಹೆಡ್‌ಲೈನ್ ಬರೆಯುವವರಿದ್ದಾರೆ, ನಂಬಬೇಡಿ. ಇವು ಇಲಿಗಳು. ಯಾರೂ ಸ್ಟೀರಾಯ್ಡ್ ಹುಡುಕಿಕೊಂಡು ಹೋಗುವುದೂ ಬೇಡ. ಆದರೆ ಪೆಟ್ಟಿಗೂ ಭಯ ಬೇರೂರುವುದಕ್ಕೂ ನಡುವೆ ಒಂದಷ್ಟು ಕಾಲಾವಕಾಶ ಇದೆ ಎನ್ನುವುದು ಸಣ್ಣ ಸಂಗತಿಯಲ್ಲ. ಎರಡು ದಶಕ ಬೆಂಗಳೂರಿನಲ್ಲಿ ಕಳೆದು ಚಟರ್ಜಿ ಆಮೇಲೆ ಕೋಲ್ಕತ್ತಾಗೆ ಹೋದರು, ಅಲ್ಲಿ ಮಿದುಳಿನ ಸಂಶೋಧನಾ ಕೇಂದ್ರವೊಂದನ್ನು ಕಟ್ಟಲು.

2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಕಾಯಿಲೆ ಅಂತ ಘೋಷಿಸಿತು. ಒಳ್ಳೆಯದೇ, ಇನ್ನು ಎಷ್ಟು ಜನಕ್ಕೆ ಕಚ್ಚಿತು, ಎಷ್ಟು ಜನ ಸತ್ತರು ಅಂತ ಲೆಕ್ಕ ಸಿಗಬಹುದು. ಬದುಕಿದವರ ಲೆಕ್ಕ? ಶ್ರೀಲಂಕಾದಲ್ಲಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಾವಿನ ವಿಷದಿಂದ ಪಾರಾದವರಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಬ್ಬರಿಗೆ ಆಘಾತದ ನಂತರದ ಮಾನಸಿಕ ತೊಂದರೆ ಇತ್ತು. ಅವರದ್ದೂ ನಮ್ಮ ಹಾಗೇ ಗದ್ದೆ ತೋಟದ ಬದುಕು. ಹಾವು ಕಚ್ಚಿದ ಸುದ್ದಿ ಕೇಳಿದ ದಿನ ಊರಿಗೆ ಊರೇ ಆಸ್ಪತ್ರೆ ಬಾಗಿಲಲ್ಲಿ ನಿಲ್ಲುತ್ತದೆ, ಜೀಪಿಗೆ ಡೀಸೆಲ್ ಹಾಕಿಸುವವರು, ರಕ್ತ ಕೊಡುವವರು ಎಲ್ಲರೂ ಇರುತ್ತಾರೆ. ಹತ್ತನೇ ದಿನ ಅವನ ಜಗಲಿಯಲ್ಲಿ ಯಾರಿರುತ್ತಾರೆ?