ಕಮಲ ಬಸದಿ: ಕಲ್ಲು ಇಲ್ಲಿ, ಮಾತು ಅಲ್ಲಿ

ಬೆಳಗಾವಿಯ ಕೋಟೆಯೊಳಗೆ ಕಮಲ ಬಸದಿ ಎಂಬ ಚಿಕ್ಕ ದೇಗುಲವೊಂದಿದೆ. ಇದೇ ಊರಿನಲ್ಲಿ ಅಧ್ಯಾಪಕನಾಗಿದ್ದು, ರಟ್ಟರ ಆಸ್ಥಾನದ ಪಾರ್ಶ್ವಪಂಡಿತನನ್ನು ಕುರಿತು ಎಷ್ಟೋ ವರ್ಷ ಪಾಠ ಹೇಳಿದವನು ನಾನು. ಆದರೆ ಆ ಕವಿಗೆ ಆಶ್ರಯವಿತ್ತ ಅರಸನ ಕಾಲದ ಈ ಕಟ್ಟಡವನ್ನು ಕಣ್ಣಿಟ್ಟು ನೋಡಿದ್ದು ನಿವೃತ್ತನಾದ ಮೇಲೆ. ಇದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇನೆ.

ಸವದತ್ತಿಯ ರಟ್ಟರು ವೇಣುಗ್ರಾಮವೆಂದು ಕರೆದ ಊರೇ ಇಂದಿನ ಬೆಳಗಾವಿ. ನಾಲ್ವಡಿ ಕಾರ್ತವೀರ್ಯನು ತನ್ನ ತಮ್ಮ ಮಲ್ಲಿಕಾರ್ಜುನನೊಡನೆ ಇಲ್ಲಿಂದ ರಾಜ್ಯವಾಳುತ್ತಿದ್ದಾಗ, ಅವನ ಮಂತ್ರಿ ಬೀಚಿರಾಜನು ರಟ್ಟಜಿನಾಲಯವನ್ನು ಕಟ್ಟಿಸಿದನು. ಅದಕ್ಕೆ ಅರಸನು ದತ್ತಿ ಬಿಟ್ಟದ್ದು 1204ರಲ್ಲಿ. ಮುಖಮಂಟಪದಲ್ಲಿ ನಿಂತು ತಲೆಯೆತ್ತಿದರೆ ಭುವನೇಶ್ವರಿಯಿಂದ ಕೆಳಗಿಳಿದ ಕಲ್ಲಿನ ಕಮಲ ಕಾಣುತ್ತದೆ. ಬಸದಿಗೆ ಆ ಹೆಸರು ಬಂದದ್ದು ಅದರಿಂದಲೇ. ಅದರ 72 ಎಸಳುಗಳು ಭೂತ, ವರ್ತಮಾನ, ಭವಿಷ್ಯಗಳ ಇಪ್ಪತ್ತುನಾಲ್ಕು ಇಪ್ಪತ್ತುನಾಲ್ಕು ತೀರ್ಥಂಕರರನ್ನು ಸೂಚಿಸುತ್ತವೆ ಎನ್ನುತ್ತಾರೆ. ಒಳಗೆ ತಿರುಗಣಿಯಲ್ಲಿ ಕಡೆದಂತಿರುವ ನುಣುಪಾದ ಕಂಬಗಳು, ಗರ್ಭಗೃಹದಲ್ಲಿ ನೇಮಿನಾಥ.

ಇಷ್ಟನ್ನು ನಾವು ತಿಳಿದದ್ದು ಹೇಗೆ? ಶಾಸನಗಳಿಂದ. ಆ ಶಾಸನಗಳನ್ನು ಬಸದಿಯಲ್ಲಿ ಹುಡುಕಿದರೆ ಸಿಗವು. ಎರಡು ಕಲ್ಲುಗಳೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಪಾಲಾಗಿವೆ. ಅವನ್ನು ಓದಿ ‘ಎಪಿಗ್ರಾಫಿಯಾ ಇಂಡಿಕಾ’ದ 13ನೆಯ ಸಂಪುಟದಲ್ಲಿ ಪ್ರಕಟಿಸಿದವರು ಬಾರ್ನೆಟ್. ದಾನವನ್ನು ಶುಭಚಂದ್ರ ಭಟ್ಟಾರಕರಿಗೆ ಒಪ್ಪಿಸಿದ ವಿವರ ಅವುಗಳಲ್ಲಿದೆ. ಇಂಗ್ಲೆಂಡಿನ ಹಳಗಾಲದ ಹಳ್ಳಿಯ ಚರ್ಚುಗಳನ್ನು ನೋಡಹೋದವರು ಗೋಡೆಯ ಮೇಲಿನ ಸ್ಮಾರಕಫಲಕಗಳನ್ನು ಅಲ್ಲಿಯೇ ನಿಂತು ಓದುತ್ತಾರೆ. ನಮ್ಮ ಬಸದಿಯ ಜಾತಕವನ್ನು ಓದಲು ಮಾತ್ರ ಸಮುದ್ರ ದಾಟಬೇಕು.

ಖಾನಾಪುರ ತಾಲೂಕಿನ ಹಲಸಿಯಲ್ಲಿ ಇದರ ತಿರುವುಮುರುವು. ಅದು ಕದಂಬರ ಪಲಾಶಿಕಾ. ಐದನೆಯ ಶತಮಾನದಲ್ಲಿ ಮೃಗೇಶವರ್ಮನು ತಂದೆಯ ನೆನಪಿಗಾಗಿ ಅಲ್ಲಿ ಜಿನಾಲಯ ಕಟ್ಟಿಸಿ, 33 ನಿವರ್ತನ ಭೂಮಿಯನ್ನು ಯಾಪನೀಯ, ನಿರ್ಗ್ರಂಥ, ಕೂರ್ಚಕರಿಗೆ ಕೊಟ್ಟನೆಂದು ತಾಮ್ರಪಟ ಹೇಳುತ್ತದೆ. ಮಾತು ಉಳಿದಿದೆ, ಆದರೆ ಇದೇ ಆ ಜಿನಾಲಯವೆಂದು ನಿಸ್ಸಂದೇಹವಾಗಿ ಬೆರಳು ಮಾಡಿ ತೋರಿಸಬಲ್ಲ ಕಟ್ಟಡವಿಲ್ಲ. ಇಂದು ಹಲಸಿಗೆ ಹೋದವರ ಕಣ್ಣು ಸೆಳೆಯುವುದು ಗೋವೆಯ ಕದಂಬರ ಕಾಲದ ಭೂವರಾಹ ನರಸಿಂಹ ದೇವಾಲಯ. ಎರಡು ಗರ್ಭಗೃಹಗಳು, ಒಂದಕ್ಕೊಂದು ಎದುರುಬದುರು. ನಡುವೆ ಒಂದೇ ಮಂಟಪ. ದೇವರಿಬ್ಬರೂ ಪರಸ್ಪರ ನೋಡುತ್ತ ಕುಳಿತಂತಿದೆ. ಕಲ್ಲೂ ಮಾತೂ ಹಾಗೆಯೇ ಎದುರುಬದುರಾಗಿರಬೇಕು ಎಂದು ಅಲ್ಲಿ ನನಗನಿಸಿತು.

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಅಚ್ಚಾದ ಶಾಸನಪಾಠದ ಪ್ರತಿಯೊಂದನ್ನು ಹಿಡಿದು ಮತ್ತೆ ಕಮಲ ಬಸದಿಗೆ ಹೋದೆ. ಮಂಟಪದಲ್ಲಿ ಕುಳಿತು ಗಟ್ಟಿಯಾಗಿ ಓದಿದೆ. ದರ್ಶನಕ್ಕೆ ಬಂದ ಮುದುಕರೊಬ್ಬರು ಕೊನೆಯವರೆಗೂ ನಿಂತು ಕೇಳಿ, ‘ಇದು ನಮ್ಮ ಈ ಗುಡೀದ ಏನ್ರಿ?’ ಎಂದರು. ‘ಹೌದ್ರಿ, ಇದರದs’ ಎಂದೆ. ಕಲ್ಲು ಮರಳಿ ಬರುವುದೋ ಇಲ್ಲವೋ, ಅದು ನನ್ನ ಕೈಯಲ್ಲಿಲ್ಲ. ಓದುವುದು ಮಾತ್ರ ನಮ್ಮ ಕೈಯಲ್ಲಿದೆ.