ದಿನಕ್ಕೆ ಹನ್ನೆರಡು ಪದ

ನುಂಗಂಬಾಕ್ಕಂನ ಕಾಲೇಜ್ ರೋಡಿಗೆ ಆ ಹೆಸರು ಯಾವ ಕಾಲೇಜಿನಿಂದ ಬಂತು ಎಂದು ಕೇಳಿದರೆ, ಚೆನ್ನೈನಲ್ಲಿರುವ ನಮ್ಮ ಕನ್ನಡದ ಗೆಳೆಯರು ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನತ್ತ ಕೈ ತೋರಿಸುತ್ತಾರೆ. ಅದು ಶುರುವಾದದ್ದು 1915ರಲ್ಲಿ. ರಸ್ತೆಯ ಹೆಸರು ಅದಕ್ಕಿಂತ ಹಳೆಯದು. ಕಂಪನಿ ಸರ್ಕಾರದ ಎಳೆಯ ಅಧಿಕಾರಿಗಳಿಗೆ ದಕ್ಷಿಣದ ಭಾಷೆಗಳನ್ನು ಕಲಿಸಲೆಂದು 1812ರಲ್ಲಿ ಹುಟ್ಟಿದ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು ಮುಂದೆ ಇಲ್ಲಿಗೆ ಬಂದು ನೆಲೆಸಿತ್ತು. ಅದರ ಹಿಂದಿದ್ದವರು ಎಲ್ಲಿಸ್ ಎಂಬ ಅಧಿಕಾರಿ. ತಮಿಳು, ತೆಲುಗು, ಕನ್ನಡಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಬೇರೆಯೇ ಒಂದು ಕುಟುಂಬ ಎಂದು 1816ರಲ್ಲೇ ಬರೆದವರು. ಮೆಕೆರೆಲ್ ಎಂಬುವರ ಕನ್ನಡ ವ್ಯಾಕರಣ 1820ರಲ್ಲಿ ಅಚ್ಚಾದದ್ದೂ ಮದ್ರಾಸಿನಲ್ಲೇ.

ಮದ್ರಾಸಿಗೂ ಕನ್ನಡಕ್ಕೂ ಏನು ಸಂಬಂಧ ಎನ್ನುವವರಿಗೆ ಒಂದು ಮಾತು ನೆನಪಿಸಬೇಕು. ಆಗ ಬಳ್ಳಾರಿಯೂ ಮಂಗಳೂರೂ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ವಿಲಿಯಂ ರೀವ್ ತಮ್ಮ ಇಂಗ್ಲಿಷ್–ಕನ್ನಡ ನಿಘಂಟನ್ನು 1824ರಲ್ಲಿ, ಕನ್ನಡ–ಇಂಗ್ಲಿಷ್ ನಿಘಂಟನ್ನು 1832ರಲ್ಲಿ ಪ್ರಕಟಿಸಿದ್ದು ಈ ಊರಿನಲ್ಲಿ. ಬ್ರೌನರ ತೆಲುಗು ನಿಘಂಟು 1852ರಲ್ಲಿ, ಅಮೆರಿಕನ್ ಪಾದ್ರಿ ವಿನ್‌ಸ್ಲೋ ಅವರ ತಮಿಳು ನಿಘಂಟು 1862ರಲ್ಲಿ ಬಂದದ್ದೂ ಇಲ್ಲಿಂದಲೇ. ಬ್ರೌನ್ ಒಬ್ಬರನ್ನು ಬಿಟ್ಟರೆ ಈ ಮೂವರಲ್ಲಿ ಉಳಿದಿಬ್ಬರು ಸುವಾರ್ತೆ ಸಾರಲು ಬಂದವರು. ಪ್ರಸಂಗ ಮಾಡಬೇಕಾದವರು ವರ್ಷಗಟ್ಟಲೆ ಪದ ಎಣಿಸುತ್ತ ಕೂತದ್ದೇಕೆ ಎಂಬ ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ.

ಅದಕ್ಕೆ ಕಾರಣ ಒಂದು ಪದ. ನಾನು ಬೆಳೆದದ್ದು ಧಾರವಾಡದ ಕಡೆ, ಬಾಸೆಲ್ ಮಿಷನ್ನಿನವರು ಕಟ್ಟಿದ ಸಭೆಯೊಂದರಲ್ಲಿ. ನಮ್ಮ ಅಜ್ಜಿಯ ಬಾಯಲ್ಲಿ ಸದಾ ಇದ್ದ ಮಾತು ‘ದೀರ್ಘಶಾಂತಿ’. ಹಳೆಯ ಕನ್ನಡ ಬೈಬಲಿನ ಪದ. ಬೇರೆಯವರ ಮನೆಗಳಲ್ಲಿ ನಾನಿದನ್ನು ಕೇಳಿಯೇ ಇಲ್ಲ. ರೇಶನ್ ಅಂಗಡಿಯ ಸಾಲಿನಲ್ಲಿ ನಿಂತು ಸಿಟ್ಟಾದರೆ “ದೀರ್ಘಶಾಂತಿ ಇರ್ಲೋ ತಮ್ಮಾ.” ಗಣಿತದಲ್ಲಿ ಫೇಲಾದರೂ ಅದೇ. ನಮ್ಮ ಚಿಕ್ಕಮ್ಮ ಒಬ್ಬರು ಗಂಡನ ಮನೆಯ ಕಷ್ಟ ಹೇಳಿಕೊಂಡು ಅಳುತ್ತ ಬಂದಾಗಲೂ ಹಿರಿಯರೆಲ್ಲ ಕೂಡಿ ಆಕೆಯ ಕೈಗೆ ಕೊಟ್ಟು ಕಳಿಸಿದ್ದು ಇದೇ ಪದವನ್ನು. ಆಮೇಲೆ ಆ ಪದ ಕೇಳಿದರೆ ನನಗೆ ‘ಬಾಯಿ ಮುಚ್ಚು’ ಎಂದಷ್ಟೇ ಕೇಳಿಸುತ್ತಿತ್ತು.

ಗ್ರೀಕ್ ಮೂಲದಲ್ಲಿ ಇಲ್ಲಿ ಎರಡು ಬೇರೆ ಪದಗಳಿವೆ. ಒಂದು ‘ಮಕ್ರೊಥುಮಿಯಾ’: ಸಿಟ್ಟು ಬರಲು ಬಹಳ ಹೊತ್ತು ಹಿಡಿಯುವ ಮನಸ್ಸು. ನಮ್ಮ ದೀರ್ಘಶಾಂತಿ ಇದರ ಅನುವಾದ. ಇನ್ನೊಂದು ‘ಹುಪೊಮೊನೆ’: ಭಾರದ ಕೆಳಗಿದ್ದೂ ಜಾಗ ಬಿಡದಿರುವುದು. ಇದಕ್ಕೆ ಸಾಮಾನ್ಯವಾಗಿ ‘ತಾಳ್ಮೆ’ ಎನ್ನುತ್ತೇವೆ. ಚೆನ್ನೈಗೆ ಬಂದ ಮೇಲೆ ಇದಕ್ಕೆ ಇನ್ನೊಂದು ಕೊಂಡಿ ಸಿಕ್ಕಿತು. ಇಲ್ಲಿ ಯಾರನ್ನಾದರೂ ‘ಸ್ವಲ್ಪ ತಡೀರಿ’ ಎನ್ನಬೇಕಾದರೆ ‘ಪೊರುಂಗ’ ಎನ್ನುತ್ತಾರೆ, ತಾಳ್ಮೆಗೆ ‘ಪೊರುಮೈ’. ಹಳಗನ್ನಡದ ‘ಪೊಱು’ ಅದರ ಒಡಹುಟ್ಟು; ಇವತ್ತಿನ ನಮ್ಮ ‘ಹೊರು’. ಹೊರೆ ಹೊರುವವನು ಸುಮ್ಮನೆ ನಿಂತಿರುವುದಿಲ್ಲ, ಹೊತ್ತು ನಡೆಯುತ್ತಾನೆ. ಅಜ್ಜಿಯ ಪದವನ್ನು ಹೀಗೆ ಓದಬಹುದು ಎಂದು ನನಗೆ ತೋರಿಸಿಕೊಟ್ಟವರು ಒಬ್ಬ ಮಿಷನರಿ, ಅದೂ ತಮ್ಮ ಪ್ರಸಂಗದಿಂದಲ್ಲ.

ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ವಾಯವ್ಯ ಮೂಲೆಯ ಪೂರ್ವ ಫ್ರೀಸಿಯಾದಲ್ಲಿ. ರೀವ್ ಅವರ ನಿಘಂಟು ಮದ್ರಾಸಿನಲ್ಲಿ ಹೊರಬಂದ ವರ್ಷವೂ ಅದೇ, ಕಾಕತಾಳೀಯ. ಬಾಸೆಲ್ ಮಿಷನ್ ಅವರನ್ನು 1853ರಲ್ಲಿ ಇಂಡಿಯಾಕ್ಕೆ ಕಳಿಸಿತು. ಇಪ್ಪತ್ತೊಂದರ ಹುಡುಗ. ಕನ್ನಡಿಗರ ನಡುವೆ ಕನ್ನಡಿಗನಾಗಿ ಬದುಕದೆ ಅವರಿಗೆ ಏನನ್ನೂ ಹೇಳಲಾಗದು ಎಂದು ಬಲವಾಗಿ ನಂಬಿದ್ದರು. ಧಾರವಾಡ–ಹುಬ್ಬಳ್ಳಿಯ ಕಡೆ ತಿರುಗಾಡಿದರು, ಭಾಷೆಯ ಬೆನ್ನು ಹತ್ತಿದರು. ಜೊತೆಯ ಮಿಷನರಿಗಳಿಗೆ ಇದು ಹಿಡಿಸಲಿಲ್ಲ. ಶಿಸ್ತಿಗೆ ಹೆಸರಾದ ಸಂಸ್ಥೆ ಅದು. ಮೇಲಿನವರ ಮಾತು ಕೇಳುವುದೇ ಅಲ್ಲಿ ಭಕ್ತಿಯ ಮೊದಲ ಪಾಠ. ಅಷ್ಟು ಹೊತ್ತು ಪುಸ್ತಕದ ಮುಂದೆ ಕೂತರೆ ಪ್ರಸಂಗ ಮಾಡುವವರು ಯಾರು ಎಂಬ ಅಸಮಾಧಾನ ಬೆಳೆಯಿತು. ಮಂಗಳೂರು, ಮಡಿಕೇರಿ ಎಂದು ಊರಿಂದೂರಿಗೆ ಹೋಗುತ್ತಲೇ ಇದ್ದರು.

ಕಿಟ್ಟೆಲರನ್ನು ಬರೀ ಕನ್ನಡಪ್ರೇಮಿಯಾಗಿ ಚಿತ್ರಿಸಿ ಹಾರ ಹಾಕುವುದು ಈಗ ರೂಢಿಯಾಗಿದೆ. ಅದು ಪೂರ್ತಿ ನಿಜವಲ್ಲ. ಅವರು ಕೊನೆಯವರೆಗೂ ಮಿಷನರಿಯೇ. ಯೇಸುವಿನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ ಹೇಳಿ 1862ರಲ್ಲಿ ‘ಕಥಾಮಾಲೆ’ ತಂದರು. ಲಿಂಗಪೂಜೆಯ ಮೂಲದ ಬಗ್ಗೆ 1876ರಲ್ಲಿ ಜರ್ಮನ್ ಭಾಷೆಯಲ್ಲೊಂದು ಪುಸ್ತಕ ಬರೆದರು. ಜನರನ್ನು ಕ್ರಿಸ್ತನ ಕಡೆ ತರಬೇಕೆಂಬ ಆಸೆ ಅವರನ್ನು ಬಿಡಲಿಲ್ಲ. ಆದರೆ ಜನ ಬರಲಿಲ್ಲ. ಇಷ್ಟಾದ ಮೇಲೆ ಊರಿಗೆ ಮರಳುವುದು ಸುಲಭವಿತ್ತು. ಅವರು ಮಾಡಿದ್ದು ಬೇರೆ. ಜನರಿಗೆ ಹೇಳಲು ಕಲಿತ ಭಾಷೆಯನ್ನೇ ಕೈಗೆತ್ತಿಕೊಂಡರು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ, ನಾಗವರ್ಮನ ಛಂದಸ್ಸಿನ ಗ್ರಂಥವನ್ನು 1875ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದರು. ಇವೆರಡೂ ಜೈನ ಮತ್ತು ವೈದಿಕ ಪಂಡಿತರ ಸೊತ್ತು. ಬಾಸೆಲಿನಲ್ಲಿ ಕೂತಿದ್ದವರಿಗೆ ಇದರಿಂದ ಒಂದು ಆತ್ಮವೂ ಸಿಗುವಂತಿರಲಿಲ್ಲ.

ಇದರ ಬೆಲೆಯನ್ನು ತೆತ್ತವರು ಅವರೊಬ್ಬರೇ ಅಲ್ಲ. ಮೊದಲ ಹೆಂಡತಿ ಪೌಲಿನೆ 1864ರಲ್ಲಿ ತೀರಿಕೊಂಡರು. ಮುಂದೆ ಆಕೆಯ ಸೋದರಿ ಯೂಲಿಯೆಯನ್ನು ಮದುವೆಯಾದರು. ಮಿಷನರಿಗಳ ಮಕ್ಕಳನ್ನು ಎಳವೆಯಲ್ಲೇ ಯುರೋಪಿಗೆ ಕಳಿಸಿ ಅಲ್ಲಿ ಬೆಳೆಸುವುದು ಬಾಸೆಲ್ ಮಿಷನ್ನಿನ ಪದ್ಧತಿ. 1877ರಲ್ಲಿ ಕಿಟ್ಟೆಲ್ ಜರ್ಮನಿಗೆ ಮರಳಿದರು. ಅಲ್ಲಿಯೇ ಕೂತು ನಿಘಂಟು ಮುಗಿಸಬಹುದು ಎಂದುಕೊಂಡರೆ, ಕನ್ನಡ ಮಾತಾಡುವವರೇ ಇಲ್ಲದ ಊರಿನಲ್ಲಿ ಪದದ ಅರ್ಥ ಕೇಳುವುದು ಯಾರನ್ನು? 1883ರಲ್ಲಿ, ಐವತ್ತು ದಾಟಿದ ಮೇಲೆ, ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು ಮತ್ತೆ ಬಂದರು. ಓಎಂಆರ್‌ನ ಯಾವುದೋ ಪಿಜಿಯಲ್ಲಿದ್ದು ವಾರಕ್ಕೊಮ್ಮೆ ರಾತ್ರಿಯ ರೈಲು ಹತ್ತುವ ನಮಗೆ ಇದು ಸ್ವಲ್ಪ ಅರ್ಥವಾದೀತು. ಸ್ವಲ್ಪ ಮಾತ್ರ. ಅವರ ರೈಲು ಒಂಬತ್ತು ವರ್ಷಕ್ಕೊಮ್ಮೆ. ಆರೋಗ್ಯ ಕೆಟ್ಟು 1892ರಲ್ಲಿ ಹೊರಟಾಗ ಅವರಿಗೆ ಅರವತ್ತು. ಗಂಡಸು ಕೆಲಸಕ್ಕೆ ಅಂಟಿಕೊಂಡದ್ದನ್ನು ಛಲ ಎಂದು ಬರೆಯುತ್ತೇವೆ. ಅಲ್ಲಿ ಒಂಟಿಯಾಗಿ ಮನೆ ನಡೆಸಿದ ಯೂಲಿಯೆಯದನ್ನು ಏನೆಂದು ಬರೆಯಬೇಕೋ ಯಾವ ಚರಿತ್ರೆಗೂ ಹೊಳೆದಂತಿಲ್ಲ.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ‘ಕನ್ನಡ–ಇಂಗ್ಲಿಷ್ ನಿಘಂಟು’ ಹೊರಬಂತು. 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಪದ. ಒಮ್ಮೆ ಸುಮ್ಮನೆ ಲೆಕ್ಕ ಹಾಕಿ ನೋಡಿದೆ. ಎರಡು ದಶಕದ ಕೆಲಸ, ವರ್ಷಕ್ಕೆ ಮುನ್ನೂರು ದಿನ ಎಂದು ಹಿಡಿದರೆ ಆರು ಸಾವಿರ ದಿನ. ದಿನಕ್ಕೆ ಹನ್ನೆರಡು ಪದ. ಕೇಳಲು ಏನೇನೂ ಅಲ್ಲ. ಆದರೆ ಒಂದೊಂದು ಪದಕ್ಕೂ ಹಳೆಯ ಕಾವ್ಯದ ಪ್ರಯೋಗ ಹುಡುಕಬೇಕು, ಊರವರ ಬಾಯಿಯ ಗಾದೆ ಕೂಡಿಸಬೇಕು, ತಮಿಳು, ತೆಲುಗು, ಮಲಯಾಳ, ತುಳುಗಳಲ್ಲಿ ಅದರ ನೆಂಟರು ಯಾರೆಂದು ನೋಡಬೇಕು. ಸಂಸ್ಕೃತವು ದ್ರಾವಿಡದಿಂದ ಪಡೆದಿರಬಹುದಾದ ಪದಗಳದ್ದೇ ಒಂದು ಉದ್ದ ಪಟ್ಟಿಯನ್ನು ಮುನ್ನುಡಿಯಲ್ಲಿ ಕೊಟ್ಟರು. ನಾಳೆ ಬೆಳಿಗ್ಗೆ ಎದ್ದರೆ ಮತ್ತೆ ಹನ್ನೆರಡು. ನಮ್ಮ ಸಭೆಗಳಲ್ಲಿ ತಾಳ್ಮೆಯ ಪಾಠಕ್ಕೆ ಯೋಬನ ಕಥೆ ಹೇಳುತ್ತಾರೆ, ಬೂದಿಯಲ್ಲಿ ಕೂತು ಎಲ್ಲ ಕಳೆದುಕೊಂಡವನದು. ಯೋಬನೂ ಸುಮ್ಮನೆ ಕೂತವನಲ್ಲ, ದೇವರೊಂದಿಗೇ ವಾದಕ್ಕಿಳಿದವನು ಎಂಬುದನ್ನು ಪ್ರಸಂಗಗಳು ಬೇಗ ದಾಟಿಬಿಡುತ್ತವೆ. ಕಿಟ್ಟೆಲರೂ ತಾಳಿಕೊಂಡರು, ಆದರೆ ತಲೆಯಾಡಿಸಲಿಲ್ಲ. ಚಿಕ್ಕಮ್ಮನಿಗೆ ಹಿರಿಯರು ಹೇಳಿಕೊಟ್ಟ ತಾಳ್ಮೆಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ ಎಂದು ನನ್ನ ನಂಬಿಕೆ.

ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಅವರ ಕನ್ನಡ ವ್ಯಾಕರಣ 1903ರಲ್ಲಿ ಬಂತು. ಅದೇ ಡಿಸೆಂಬರಿನಲ್ಲಿ ಟ್ಯೂಬಿಂಗನ್‌ನಲ್ಲಿ ತೀರಿಕೊಂಡರು.

ಕತೆ ಮತ್ತೆ ಮದ್ರಾಸಿಗೆ ಬರುವುದು ಇನ್ನೊಂದು ಅರವತ್ತು ವರ್ಷದ ಮೇಲೆ. ಮದ್ರಾಸ್ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಎಂ. ಮರಿಯಪ್ಪ ಭಟ್ಟರಿದ್ದರು. ಕಿಟ್ಟೆಲ್ ನಿಘಂಟಿನ ಪ್ರತಿಗಳು ಅಪರೂಪವಾಗಿದ್ದವು, ಅವರ ಕಾಲದಲ್ಲಿ ಅಚ್ಚಾಗದೇ ಇದ್ದ ಎಷ್ಟೋ ಕಾವ್ಯಗಳು ಈಗ ಅಚ್ಚಾಗಿದ್ದವು. ಬರೋ ಮತ್ತು ಎಮೆನೊ 1961ರಲ್ಲಿ ತಂದ ದ್ರಾವಿಡ ವ್ಯುತ್ಪತ್ತಿ ನಿಘಂಟು ಕನ್ನಡಕ್ಕಾಗಿ ಮುಖ್ಯವಾಗಿ ನೆಚ್ಚಿದ್ದು ಕಿಟ್ಟೆಲರನ್ನೇ. ಭಟ್ಟರು ಆ ಹೊರೆಗೆ ಹೆಗಲು ಕೊಟ್ಟರು. ಹೊಸ ಪದಗಳನ್ನು ಸೇರಿಸಿ, ತಿದ್ದಿ, 1968ರಿಂದ 1971ರೊಳಗೆ ನಾಲ್ಕು ಸಂಪುಟಗಳನ್ನು ವಿಶ್ವವಿದ್ಯಾಲಯದಿಂದ ಹೊರತಂದರು. ಅಷ್ಟರಲ್ಲಿ ಕನ್ನಡ ನಾಡು ಒಂದಾಗಿತ್ತು, ಮಂಗಳೂರು ಬಳ್ಳಾರಿಗಳು ಮದ್ರಾಸಿನ ಕೈಬಿಟ್ಟು ಹತ್ತು ವರ್ಷ ದಾಟಿತ್ತು. ಆದರೂ ಕೆಲಸ ಇಲ್ಲಿಯೇ ನಡೆಯಿತು. ಭಟ್ಟರು ಕ್ರೈಸ್ತರಲ್ಲ. ಮಿಷನರಿಯ ನಂಬಿಕೆ ಅವರಿಗೆ ಬೇಕಿರಲಿಲ್ಲ, ಅವರ ಹನ್ನೆರಡು ಪದಗಳ ಶಿಸ್ತು ಬೇಕಿತ್ತು.

ಇಂಥ ಕೆಲಸದ ಇನ್ನೊಂದು ಗುಣ ನಮ್ಮಂಥವರಿಗೆ ನುಂಗಲು ಕಷ್ಟ. ಹಳತಾಗಲು ಒಪ್ಪಿಯೇ ಅದನ್ನು ಮಾಡಬೇಕು. ರೀವ್ ಅವರ ನಿಘಂಟನ್ನು ಸ್ಯಾಂಡರ್ಸನ್ 1858ರಲ್ಲಿ ಬೆಂಗಳೂರಿನಲ್ಲಿ ತಿದ್ದಿದರು, ಅದನ್ನು ಕಿಟ್ಟೆಲ್ ಹಿಂದೆ ಹಾಕಿದರು, ಕಿಟ್ಟೆಲರನ್ನು ಭಟ್ಟರು ಹಿಗ್ಗಿಸಿದರು. ವಿನ್‌ಸ್ಲೋ ಅವರ 67,000ಕ್ಕೂ ಹೆಚ್ಚು ತಮಿಳು ಪದಗಳ ಮೇಲೆ ನಿಂತು ಇದೇ ವಿಶ್ವವಿದ್ಯಾಲಯ 1924ರಿಂದ ತನ್ನ ದೊಡ್ಡ ತಮಿಳು ಲೆಕ್ಸಿಕನ್ ತಂದಿತು. ವಿನ್‌ಸ್ಲೋ ಹೆಸರು ಈಗ ಎಷ್ಟು ಜನರಿಗೆ ನೆನಪಿದೆ? ರೀವ್ ಅವರದ್ದಂತೂ ಬಳ್ಳಾರಿಯವರಿಗೂ ಇಲ್ಲ. ಕಿಟ್ಟೆಲರಿಗೆ ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಪ್ರತಿಮೆ ಇದೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ, ಅವರು ಅದೃಷ್ಟವಂತರು.

ಮದ್ರಾಸಿನಲ್ಲಿ ಭಟ್ಟರ ಸಂಪುಟಗಳು ಹೊರಬರುತ್ತಿದ್ದಾಗಲೇ, 1970ರಲ್ಲಿ, ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ‘ಕನ್ನಡ ನಿಘಂಟು’ವಿನ ಮೊದಲ ಸಂಪುಟ ಬಂತು. ಅದರ ಕೆಲಸ ಶುರುವಾದದ್ದು 1940ರ ದಶಕದಲ್ಲಿ. ಎಂಟನೆಯ, ಕೊನೆಯ ಸಂಪುಟಕ್ಕೆ 1995ರವರೆಗೆ ಕಾಯಬೇಕಾಯಿತು.