ಹಳೆಯ ಸ್ಪೋರ್ಟ್ಸ್ ಕಾರಿನ ಡ್ಯಾಶ್‌ಬೋರ್ಡ್ ಸ್ವಿಚ್ಚು: ಸವೆತ, ಪರೀಕ್ಷೆ, ಬದಲಾವಣೆ

ಸ್ವಿಚ್ಚಿನ ರಚನೆ

ಚಾಲಕನ ಎದುರಿನ ಡ್ಯಾಶ್‌ಬೋರ್ಡಿನಲ್ಲಿ ದೀಪ, ವೈಪರ್, ಬ್ಲೋವರ್, ಅಪಾಯಸೂಚಕ ದೀಪ ಮೊದಲಾದವುಗಳ ಸ್ವಿಚ್ಚುಗಳಿರುತ್ತವೆ. ಹೊರನೋಟಕ್ಕೆ ಎಷ್ಟೇ ಭಿನ್ನವಾಗಿದ್ದರೂ ಇವುಗಳ ಒಳರಚನೆ ಸರಳ. ಬೆರಳು ಒತ್ತುವ ಗುಂಡಿ, ಗುಂಡಿಯನ್ನು ಒಂದು ನೆಲೆಯಲ್ಲಿ ಹಿಡಿದು ನಿಲ್ಲಿಸುವ ಸ್ಪ್ರಿಂಗು, ವಿದ್ಯುತ್ತನ್ನು ದಾಟಿಸುವ ಲೋಹದ ಸಂಪರ್ಕ ಬಿಂದುಗಳು, ಇವಿಷ್ಟೂ ಕೂಡಿ ಕೆಲಸ ಮಾಡುತ್ತವೆ. ಸಂಪರ್ಕ ಬಿಂದುಗಳು ಸಾಮಾನ್ಯವಾಗಿ ತಾಮ್ರ ಅಥವಾ ಹಿತ್ತಾಳೆಯವು. ಉತ್ತಮ ದರ್ಜೆಯ ಸ್ವಿಚ್ಚುಗಳಲ್ಲಿ ಅವುಗಳ ತುದಿಗೆ ಬೆಳ್ಳಿಯ ಮಿಶ್ರಲೋಹದ ತೆಳುವಾದ ಬಿಲ್ಲೆ ಕೂರಿಸಿರುತ್ತಾರೆ.

1960ರ ದಶಕದ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳಲ್ಲಿ ಚಿಕ್ಕ ಕಡ್ಡಿಯಂತೆ ಮುಂದಕ್ಕೆ ಚಾಚಿಕೊಂಡ ಟಾಗಲ್ ಸ್ವಿಚ್ಚುಗಳು ಹೆಚ್ಚಾಗಿ ಬಳಕೆಯಲ್ಲಿದ್ದವು. ಅಪಘಾತವಾದಾಗ ಇಂಥ ಕಡ್ಡಿ ಮುಖಕ್ಕೋ ಮೊಣಕಾಲಿಗೋ ನಾಟುವ ಅಪಾಯವಿತ್ತು. 1968ರಿಂದ ಅಮೆರಿಕದಲ್ಲಿ ಹೊಸ ಸುರಕ್ಷಾ ನಿಯಮಗಳು ಜಾರಿಗೆ ಬಂದ ಸುಮಾರಿಗೆ ಜಾಗ್ವಾರ್ ಇ-ಟೈಪಿನಂಥ ಕಾರುಗಳು ಟಾಗಲ್ ಬಿಟ್ಟು, ಫಲಕದ ಮಟ್ಟಕ್ಕೆ ಕೂರುವ ರಾಕರ್ ಸ್ವಿಚ್ಚಿಗೆ ಬದಲಾದವು. ಕಾರಿನ ಕಾಲಕ್ಕೆ ಒಪ್ಪುವ ಸ್ವಿಚ್ಚು ಯಾವುದೆಂದು ನಿರ್ಧರಿಸುವಾಗ ಈ ಇತಿಹಾಸ ನೆರವಿಗೆ ಬರುತ್ತದೆ.

ಸವೆತದ ಕಾರಣ

ಸ್ವಿಚ್ಚನ್ನು ಬೆರಳಿಗಿಂತ ಹೆಚ್ಚಾಗಿ ಸವೆಸುವುದು ಅದರೊಳಗೆ ಹರಿಯುವ ವಿದ್ಯುತ್ತು. ಸಂಪರ್ಕ ಬಿಂದುಗಳು ಒಂದರಿಂದೊಂದು ಬೇರಾಗುವ ಕ್ಷಣದಲ್ಲಿ ಅವುಗಳ ನಡುವೆ ಸಣ್ಣ ಕಿಡಿ ಹಾರುತ್ತದೆ. ಮನೆಯ ವಿದ್ಯುತ್ತು ಪರ್ಯಾಯ ಪ್ರವಾಹವಾದ್ದರಿಂದ ಸೆಕೆಂಡಿಗೆ ನೂರು ಬಾರಿ ಶೂನ್ಯವನ್ನು ಹಾಯುತ್ತದೆ, ಕಿಡಿಯೂ ಅಲ್ಲಿಯೇ ಆರುತ್ತದೆ. ಕಾರಿನದು ಏಕಮುಖ ಪ್ರವಾಹ. ಶೂನ್ಯದ ಬಿಡುವು ಇಲ್ಲದ ಕಾರಣ ಕಿಡಿ ಹೆಚ್ಚು ಹೊತ್ತು ಉಳಿದು ಲೋಹವನ್ನು ಸುಡುತ್ತದೆ. ವೈಪರ್, ಬ್ಲೋವರ್‌ಗಳ ಮೋಟರು ಸುರುಳಿಗಳಿಂದ ಕೂಡಿದ್ದು, ಅವುಗಳ ಸ್ವಿಚ್ಚಿನಲ್ಲಿ ಕಿಡಿ ಇನ್ನೂ ಬಲವಾಗಿರುತ್ತದೆ. ಮೆಕ್ಯಾನಿಕ್‌ಗಳು ‘ಕಾರ್ಬನ್ ಹಿಡಿದಿದೆ’ ಎನ್ನುವುದು ಹೀಗೆ ಸುಟ್ಟು ಕಪ್ಪಾದ ಪದರಕ್ಕೆ.

ಈ ಪದರದ ಪರಿಣಾಮವನ್ನು ಲೆಕ್ಕ ಹಾಕಿ ತಿಳಿಯಬಹುದು. 60 ವ್ಯಾಟಿನ ಎರಡು ಹೆಡ್‌ಲೈಟುಗಳು 12 ವೋಲ್ಟಿನಲ್ಲಿ ಸುಮಾರು 10 ಆಂಪಿಯರ್ ಪ್ರವಾಹವನ್ನು ಎಳೆಯುತ್ತವೆ. ಸವೆದ ಸಂಪರ್ಕದ ರೋಧ 0.1 ಓಮ್ ಆಯಿತೆಂದರೆ ಅಲ್ಲಿಯೇ 1 ವೋಲ್ಟ್ ನಷ್ಟವಾಗಿ, 10 ವ್ಯಾಟ್ ಶಾಖ ಹುಟ್ಟುತ್ತದೆ. ಬೆರಳ ತುದಿಯಷ್ಟಿರುವ ಪ್ಲಾಸ್ಟಿಕ್ ಪೆಟ್ಟಿಗೆಗೆ 10 ವ್ಯಾಟ್ ಬಹಳ ದೊಡ್ಡ ಶಾಖ. ಹಳೆಯ ಸ್ವಿಚ್ಚಿನ ಬೆನ್ನು ಕಂದು ಬಣ್ಣಕ್ಕೆ ತಿರುಗಿ ಸೊಟ್ಟಗಾಗುವುದು ಇದರಿಂದಲೇ. ಬಲ್ಬಿನ ತಂತು ವೋಲ್ಟೇಜಿಗೆ ಬಹಳ ಸೂಕ್ಷ್ಮವಾಗಿ ಸ್ಪಂದಿಸುತ್ತದೆ. 13 ವೋಲ್ಟು 12ಕ್ಕೆ ಇಳಿದರೆ ಬೆಳಕಿನಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಮಾಯವಾಗುತ್ತದೆ. ಹಳೆಯ ಕಾರುಗಳ ಹೆಡ್‌ಲೈಟು ಮಂಕೆಂಬ ದೂರಿಗೆ ಎಷ್ಟೋ ಸಲ ಬಲ್ಬಿಗಿಂತ ಸ್ವಿಚ್ಚೇ ಹೊಣೆ.

ತೆರೆದ ಕಾರಿನಲ್ಲಿ ಡ್ಯಾಶ್‌ಬೋರ್ಡು ನೇರ ಬಿಸಿಲಿಗೆ ಬೀಳುತ್ತದೆ. ಸ್ವಿಚ್ಚನ್ನು ಫಲಕಕ್ಕೆ ಹಿಡಿದಿಡುವ ಪ್ಲಾಸ್ಟಿಕ್ಕಿನ ಕೊಂಡಿಗಳು ವರ್ಷ ಕಳೆದಂತೆ ಒಣಗಿ ಪೆಡಸಾಗುತ್ತವೆ. ಧೂಳು, ಮಳೆಯ ತೇವ ಒಳಸೇರುತ್ತವೆ. ಹಳೆಯ ಕಾರು ವಾರಗಟ್ಟಲೆ ಶೆಡ್ಡಿನಲ್ಲಿ ನಿಂತಿರುವುದೂ ಸ್ವಿಚ್ಚಿಗೆ ಒಳ್ಳೆಯದಲ್ಲ. ಆಗಾಗ ಬಳಸುವ ಸಂಪರ್ಕವು ಉಜ್ಜಿಕೊಂಡು ಸ್ವಚ್ಛವಾಗಿರುತ್ತದೆ, ಬಳಸದೆ ಬಿಟ್ಟದ್ದು ಕಿಲುಬುಗಟ್ಟುತ್ತದೆ.

ಬೆಂಗಳೂರಿನ ಫೈಬರ್ ಕಾರುಗಳು

ಬೆಂಗಳೂರಿನ ಉದ್ಯಮಗಳು ರೂಪಿಸಿದ ಫೈಬರ್ ದೇಹದ ಕಾರುಗಳಲ್ಲಿ ಸ್ವಿಚ್ಚಿನ ದೋಷವನ್ನು ಗುರುತಿಸುವಾಗ ವಿಶೇಷ ಎಚ್ಚರ ಬೇಕು. ಸಿಪಾನಿ ಸಂಸ್ಥೆ 1980ರ ದಶಕದಲ್ಲಿ ಹೊರತಂದ ಡಾಲ್ಫಿನ್ ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿತ್ತು. 848 ಸಿಸಿ ಎಂಜಿನ್ನು, ಎರಡು ಬಾಗಿಲು, ಫೈಬರ್‌ಗ್ಲಾಸ್ ದೇಹದ ಈ ಹಗುರ ಕಾರು ಚೆನ್ನೈ ಬಳಿಯ ಶೋಳಾವರಂ ರೇಸ್ ಪಥದಲ್ಲಿಯೂ ಓಡಿತು. 1990ರ ದಶಕದ ಕೊನೆಗೆ ಬೆಂಗಳೂರು ಮೂಲದ ಸ್ಯಾನ್ ಮೋಟರ್ಸ್ ‘ಸ್ಯಾನ್ ಸ್ಟಾರ್ಮ್’ ಎಂಬ ಎರಡು ಆಸನದ, ಚಾವಣಿ ತೆರೆಯುವ ಸ್ಪೋರ್ಟ್ಸ್ ಕಾರನ್ನು ಮಾರುಕಟ್ಟೆಗೆ ತಂದಿತು. ಅದರ ಎಂಜಿನ್ನು ರೆನೊ ಕಂಪನಿಯ 1149 ಸಿಸಿಯದು, ದೇಹ ಫೈಬರ್‌ಗ್ಲಾಸಿನದು. ಎಲೆಕ್ಟ್ರಾನಿಕ್ ಸಿಟಿಯ ಆಚೆಯ ಬೊಮ್ಮಸಂದ್ರದಲ್ಲಿ ಸಿದ್ಧವಾಗಿ 2001ರಲ್ಲಿ ರಸ್ತೆಗಿಳಿದ ರೇವಾ ವಿದ್ಯುತ್ ಕಾರು ಸ್ಪೋರ್ಟ್ಸ್ ಕಾರಲ್ಲದಿದ್ದರೂ ಅದರ ಹೊರಮೈ ಸಹ ಉಕ್ಕಿನ ಚೌಕಟ್ಟಿಗೆ ಹೊದಿಸಿದ ಪ್ಲಾಸ್ಟಿಕ್ಕಿನದೇ ಆಗಿತ್ತು.

ಮೂರೂ ಕಾರುಗಳು ತಗಡನ್ನು ದೂರವಿಟ್ಟದ್ದು ಆಕಸ್ಮಿಕವಲ್ಲ. ಉಕ್ಕಿನ ತಗಡನ್ನು ಒತ್ತಿ ರೂಪಿಸುವ ಭಾರಿ ಅಚ್ಚುಗಳ ವೆಚ್ಚ ಲಕ್ಷಗಟ್ಟಲೆ ಕಾರುಗಳ ಮೇಲೆ ಹಂಚಿಹೋದಾಗ ಮಾತ್ರ ಗಿಟ್ಟುತ್ತದೆ. ಕಡಿಮೆ ಸಂಖ್ಯೆಯಲ್ಲಿ ಕಾರು ಮಾಡುವವರಿಗೆ ಫೈಬರ್ ಅಗ್ಗದ ದಾರಿ. ಆದರೆ ಫೈಬರ್ ವಿದ್ಯುದ್ವಾಹಕವಲ್ಲ. ತಗಡಿನ ಕಾರಿನಲ್ಲಿ ದೀಪದಿಂದ ಬ್ಯಾಟರಿಗೆ ಮರಳುವ ಪ್ರವಾಹಕ್ಕೆ ಕಾರಿನ ಮೈಯೇ ಹಾದಿಯಾಗುತ್ತದೆ. ಫೈಬರ್ ಕಾರಿನಲ್ಲಿ ಪ್ರತಿಯೊಂದು ಉಪಕರಣಕ್ಕೂ ಮರಳಿ ಬರುವ ಅರ್ತ್ ತಂತಿಯನ್ನು ಪ್ರತ್ಯೇಕವಾಗಿ ಎಳೆಯಬೇಕು. ಅದು ಚಾಸಿಗೋ ಬ್ಯಾಟರಿಗೋ ಸೇರುವ ಬೋಲ್ಟು ತುಕ್ಕು ಹಿಡಿದರೆ ದೀಪ ಮಂಕಾಗುತ್ತದೆ, ವೈಪರ್ ತೆವಳುತ್ತದೆ. ನೋಡುವವರಿಗೆ ಇದು ಸ್ವಿಚ್ಚಿನ ದೋಷದಂತೆಯೇ ಕಾಣುತ್ತದೆ. ಇಂಡಿಕೇಟರ್ ಹಾಕಿದಾಗ ಹಿಂದಿನ ಕೆಂಪು ದೀಪವೂ ಮಿಣುಗುಟ್ಟಿದರೆ ಅರ್ತ್ ಹೋಗಿದೆ ಎಂದೇ ತಿಳಿಯಬೇಕು: ಪ್ರವಾಹವು ತನ್ನ ದಾರಿ ಸಿಗದೆ ಇನ್ನೊಂದು ಬಲ್ಬಿನ ತಂತುವಿನ ಮೂಲಕ ಮರಳುತ್ತಿರುತ್ತದೆ. ಇದನ್ನು ಅರಿಯದೆ ಒಳ್ಳೆಯ ಸ್ವಿಚ್ಚುಗಳನ್ನು ಕಿತ್ತು ಎಸೆದ ಉದಾಹರಣೆಗಳು ಕಡಿಮೆಯೇನಿಲ್ಲ.

ದೋಷ ಪತ್ತೆ

ದೋಷ ಸ್ವಿಚ್ಚಿನದೋ ಅರ್ತ್ ದಾರಿಯದೋ ಎಂದು ತಿಳಿಯಲು ಬೇಕಾದದ್ದು ಒಂದು ಮಲ್ಟಿಮೀಟರ್. ದೀಪ ಉರಿಯುತ್ತಿರುವಾಗಲೇ ಸ್ವಿಚ್ಚಿನ ಒಳಬರುವ ತುದಿಗೂ ಹೊರಹೋಗುವ ತುದಿಗೂ ಮೀಟರಿನ ಕಡ್ಡಿಗಳನ್ನು ಇಡಬೇಕು. ತೋರಿದ ವೋಲ್ಟೇಜು ಸ್ವಿಚ್ಚು ನುಂಗುತ್ತಿರುವ ನಷ್ಟ. ಅದು 0.2 ವೋಲ್ಟಿನ ಒಳಗಿದ್ದರೆ ಸ್ವಿಚ್ಚು ಆರೋಗ್ಯವಾಗಿದೆ. ಅರ್ಧ ವೋಲ್ಟ್ ದಾಟಿದರೆ ಕೆಟ್ಟಿದೆ. ಆಮೇಲೆ ದೀಪದ ಅರ್ತ್ ತುದಿಗೂ ಬ್ಯಾಟರಿಯ ಅರ್ತ್ ಧ್ರುವಕ್ಕೂ ನಡುವೆ ಹೀಗೆಯೇ ಅಳೆದರೆ ಅರ್ತ್ ದಾರಿಯ ನಷ್ಟ ತಿಳಿಯುತ್ತದೆ. ಸ್ವಿಚ್ಚನ್ನು ಹೊರತೆಗೆದು ಓಮ್‌ನಲ್ಲಿ ಅಳೆಯುವುದು ನಂಬಲರ್ಹವಲ್ಲ. ಮೀಟರು ಕಳಿಸುವ ಅತ್ಯಲ್ಪ ಪ್ರವಾಹಕ್ಕೆ ಸುಟ್ಟ ಸಂಪರ್ಕವೂ ಚೆನ್ನಾಗಿರುವಂತೆ ತೋರಬಹುದು.

ಬಿಚ್ಚುವ ಕ್ರಮ

ಮೊದಲು ಬ್ಯಾಟರಿಯ ಅರ್ತ್ ತಂತಿಯನ್ನು ತೆಗೆಯಬೇಕು. ಇಂದಿನ ಕಾರುಗಳಲ್ಲಿ ಅದು ಋಣ ಧ್ರುವ. 1960ರ ದಶಕದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಧನ ಧ್ರುವವೇ ಅರ್ತ್ ಆಗಿರುವುದರಿಂದ ತಂತಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕಣ್ಣಾರೆ ನೋಡಿಯೇ ಮುಂದುವರಿಯಬೇಕು.

ರಾಕರ್ ಸ್ವಿಚ್ಚನ್ನು ಇಕ್ಕೆಲದ ಎರಡು ಕೊಂಡಿಗಳು ಫಲಕಕ್ಕೆ ಹಿಡಿದಿರುತ್ತವೆ. ಡ್ಯಾಶ್‌ಬೋರ್ಡಿನ ಹಿಂದಿನಿಂದ ಕೊಂಡಿಗಳನ್ನು ಅದುಮಿ ಮುಂದಕ್ಕೆ ತಳ್ಳುವುದೇ ಸರಿಯಾದ ವಿಧಾನ. ಮುಂದಿನಿಂದ ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದರೆ ಒಣಗಿದ ಪ್ಲಾಸ್ಟಿಕ್ ಮುರಿಯುತ್ತದೆ, ಫೈಬರ್ ಫಲಕದ ಅಂಚೂ ಸಿಬಿರೇಳುತ್ತದೆ. ಟಾಗಲ್ ಸ್ವಿಚ್ಚು ಮುಂಭಾಗದ ಉಂಗುರದ ನಟ್ಟಿನಿಂದ ನಿಂತಿರುತ್ತದೆ. ತಂತಿಗಳನ್ನು ಕೀಳುವ ಮೊದಲು ಫೋಟೊ ತೆಗೆದು, ಪ್ರತಿ ತಂತಿಗೂ ಚೀಟಿ ಅಂಟಿಸಬೇಕು. ಬ್ರಿಟಿಷ್ ಪದ್ಧತಿಯಲ್ಲಿ ಕಂದು ಬಣ್ಣದ್ದು ಬ್ಯಾಟರಿಯಿಂದ ನೇರವಾಗಿ ಬರುವ ತಂತಿ, ಬಿಳಿಯದು ಇಗ್ನಿಷನ್ನಿನದು, ಹಸಿರು ಫ್ಯೂಸ್ ದಾಟಿದ್ದು, ನೀಲಿ ಹೆಡ್‌ಲೈಟಿನದು, ಕಪ್ಪು ಅರ್ತ್. ಹಿಂದಿನ ಯಾವನೋ ರಿಪೇರಿಯವನು ಕೈಗೆ ಸಿಕ್ಕ ಬಣ್ಣದ ತಂತಿಯನ್ನು ಜೋಡಿಸಿರಬಹುದಾದ್ದರಿಂದ ಬಣ್ಣವೊಂದನ್ನೇ ನಂಬುವುದು ಅಪಾಯ.

ಗುಂಡಿ ಚೆನ್ನಾಗಿದ್ದು ಒಳಗಷ್ಟೇ ಕಪ್ಪಾಗಿದ್ದರೆ ಸ್ವಿಚ್ಚನ್ನು ತೆರೆದು ಶುಚಿ ಮಾಡಬಹುದು. ಒಳಗಿನ ಸ್ಪ್ರಿಂಗು ಮತ್ತು ಪುಟ್ಟ ಗುಂಡು ಚಿಮ್ಮುವ ಕಾರಣ ಪಾರದರ್ಶಕ ಚೀಲದೊಳಗೆ ಕೈಯಿಟ್ಟು ತೆರೆಯುವುದು ಜಾಣತನ. ಅತಿ ನಯವಾದ ಎಮರಿ ಕಾಗದ, ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಒರಟಾಗಿ ಕೆರೆದರೆ ಬೆಳ್ಳಿಯ ಪದರವೇ ಹೋಗಿಬಿಡುತ್ತದೆ.

ಬದಲಿ ಭಾಗದ ಮೂಲಗಳು

ಎಂಜಿ, ಟ್ರಯಂಫ್, ಜಾಗ್ವಾರ್‌ಗಳಂಥ ಕಾರುಗಳಿಗೆ ಹೊಸದಾಗಿ ತಯಾರಿಸಿದ ಸ್ವಿಚ್ಚುಗಳು ಬ್ರಿಟನ್ನಿನಿಂದ ಇಂದಿಗೂ ದೊರೆಯುತ್ತವೆ. ಸ್ವಲ್ಪವೇ ಸಂಖ್ಯೆಯಲ್ಲಿ ತಯಾರಾದ ಕಾರುಗಳಿಗೆ ಆ ಸೌಕರ್ಯವಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಶಿವಾಜಿನಗರದ ಗುಜರಿ ಮಾರಾಟಗಾರರು ಮೊದಲ ಆಸರೆ. ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಎಸ್.ಪಿ. ರಸ್ತೆಯಲ್ಲಿ ಕೊಳ್ಳುವಾಗ ಸ್ವಿಚ್ಚಿನ ಮೇಲಿನ ಅಂಕಿಯನ್ನು ಓದಬೇಕು. 250 ವೋಲ್ಟ್ ಪರ್ಯಾಯ ಪ್ರವಾಹಕ್ಕೆ 6 ಆಂಪಿಯರ್ ಎಂದು ಬರೆದ ಸ್ವಿಚ್ಚು 12 ವೋಲ್ಟ್ ಏಕಮುಖ ಪ್ರವಾಹದ ಮೋಟರನ್ನು ತಾಳುತ್ತದೆ ಎಂಬ ಭರವಸೆಯಿಲ್ಲ. ಅಳತೆಯೂ ಮುಖ್ಯ: ಈಗ ಬಳಕೆಯಲ್ಲಿರುವ ಒಂದು ಸಾಮಾನ್ಯ ಬಗೆಯ ರಾಕರ್‌ಗೆ ಸುಮಾರು 37 × 21 ಮಿ.ಮೀ. ಕಿಂಡಿ ಬೇಕು. ಸ್ವಿಚ್ಚು ಹಿಡಿಸಲೆಂದು ಮೂಲ ಫಲಕದ ಕಿಂಡಿಯನ್ನು ಅರದಿಂದ ಉಜ್ಜಿ ದೊಡ್ಡದು ಮಾಡುವುದು ಮರಳಿ ಸರಿಪಡಿಸಲಾಗದ ಹಾನಿ.

ಎಲ್ಲಿಯೂ ಸಿಗದಿದ್ದಾಗ ಗುಂಡಿಯನ್ನು ಮಾಡಿಸಬೇಕಾಗುತ್ತದೆ. ಇಲ್ಲಿ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಮೌಲ್ಯ ಅರಿವಿಗೆ ಬರುತ್ತದೆ. ಅಚ್ಚು ಕೊರೆಯುವವರು, ಪ್ಲಾಸ್ಟಿಕ್ ಎರಕದವರು, ಕ್ರೋಮ್ ಲೇಪನದವರು ಅಲ್ಲಿ ಪರಸ್ಪರ ಸಮೀಪದಲ್ಲೇ ಕೆಲಸ ಮಾಡುತ್ತಾರೆ. ಉಕ್ಕಿನ ಅಚ್ಚು ಒಬ್ಬ ಮಾಲೀಕನಿಗೆ ನಿಲುಕದ ವೆಚ್ಚ. ಅದರ ಬದಲು ಹಾನಿಯಾಗದ ಒಂದು ಗುಂಡಿಯನ್ನು ಮಾದರಿಯಾಗಿಟ್ಟು ಸಿಲಿಕೋನ್ ಅಚ್ಚು ಮಾಡಿಸಿ, ಪಾಲಿಯುರೆಥೇನ್ ರಾಳ ಸುರಿದರೆ ಇಪ್ಪತ್ತರ ಆಸುಪಾಸಿನ ಪ್ರತಿಗಳು ಬರುತ್ತವೆ. ಒಂದೇ ಮಾದರಿಯ ಕಾರುಳ್ಳ ಕೆಲವರು ಸೇರಿದರೆ ವೆಚ್ಚ ಹಗುರವಾಗುತ್ತದೆ. 3ಡಿ ಮುದ್ರಣದಲ್ಲಿ ಮಾಡಿಸುವುದಾದರೆ ಪಿಎಲ್‌ಎ ಬೇಡ. ಅದು 60 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಮೆತ್ತಗಾಗುತ್ತದೆ, ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡು ಆ ಉಷ್ಣಾಂಶವನ್ನು ಮುಟ್ಟಬಲ್ಲದು. ಎಬಿಎಸ್, ಎಎಸ್‌ಎ ತಾಳಿಕೊಳ್ಳುತ್ತವೆ.

ರಿಲೇ ಅಳವಡಿಕೆ

ಹೊಸ ಸ್ವಿಚ್ಚಿನ ಮೇಲೆ ಹಳೆಯ ಹೊರೆಯನ್ನೇ ಹೇರಿದರೆ ಅದೂ ಸುಡುತ್ತದೆ. ಆದ್ದರಿಂದ ಹೆಡ್‌ಲೈಟು, ಬ್ಲೋವರ್‌ಗಳಿಗೆ ರಿಲೇ ಸೇರಿಸುವುದನ್ನು ಈ ಕೆಲಸದ ಅವಿಭಾಜ್ಯ ಭಾಗವೆಂದೇ ಪರಿಗಣಿಸಬೇಕು. ರಿಲೇ ಎಂದರೆ ಸುರುಳಿಯ ಕಾಂತಶಕ್ತಿಯಿಂದ ಚಲಿಸುವ ದೊಡ್ಡ ಸ್ವಿಚ್ಚು. ಅದರ 85, 86 ಎಂಬ ತುದಿಗಳ ನಡುವಿನ ಸುರುಳಿಗೆ ಆಂಪಿಯರಿನ ಐದನೇ ಒಂದು ಭಾಗದಷ್ಟು ಪ್ರವಾಹ ಸಾಕು. ಆಗ 30 ಮತ್ತು 87ನೇ ತುದಿಗಳು ಕೂಡಿಕೊಂಡು, ಬ್ಯಾಟರಿಯಿಂದ ದೀಪಕ್ಕೆ ಭಾರಿ ಪ್ರವಾಹ ನೇರವಾಗಿ ಹರಿಯುತ್ತದೆ. ಡ್ಯಾಶ್‌ಬೋರ್ಡಿನ ಸ್ವಿಚ್ಚು ಸುರುಳಿಯನ್ನು ಮಾತ್ರ ಆಳುತ್ತದೆ. 10 ಆಂಪಿಯರ್ ಹೊರುತ್ತಿದ್ದುದು 0.2ಕ್ಕೆ ಇಳಿಯುತ್ತದೆ. ಸವೆದಿದ್ದರೂ ಸಂಪೂರ್ಣ ಕೆಡದ ಮೂಲ ಸ್ವಿಚ್ಚನ್ನು ಉಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ರಿಲೇಗೆ ಬರುವ ತಂತಿಗೆ ಬ್ಯಾಟರಿಯ ಸಮೀಪವೇ ಫ್ಯೂಸ್ ಇರಬೇಕು. ಫೈಬರ್ ದೇಹದ ರಾಳ ಹೊತ್ತಿ ಉರಿಯುವ ವಸ್ತುವಾದ್ದರಿಂದ ಈ ಮಾತಿಗೆ ರಿಯಾಯಿತಿ ಇಲ್ಲ.

ಮರುಜೋಡಣೆ

ತಂತಿಯ ತುದಿಗೆ ಹೊಸ 6.3 ಮಿ.ಮೀ. ಲಗ್‌ಗಳನ್ನು ಸರಿಯಾದ ಇಕ್ಕಳದಿಂದ ಕ್ರಿಂಪ್ ಮಾಡಿ, ಅರ್ತ್ ಬೋಲ್ಟುಗಳನ್ನು ಹೊಳೆಯುವವರೆಗೆ ಉಜ್ಜಿ, ಬಿಗಿದು, ಬ್ಯಾಟರಿ ಜೋಡಿಸಬೇಕು. ನಂತರ ಮೊದಲು ಮಾಡಿದ ವೋಲ್ಟೇಜ್ ಪರೀಕ್ಷೆಯನ್ನು ಮತ್ತೆ ಮಾಡಿ, ಎರಡೂ ಅಂಕಿಗಳನ್ನು ಕಾರಿನ ಪುಸ್ತಕದಲ್ಲಿ ಬರೆದಿಡಬೇಕು. ದೀಪಗಳನ್ನು ಹತ್ತು ನಿಮಿಷ ಉರಿಸಿ ಸ್ವಿಚ್ಚಿನ ಬೆನ್ನನ್ನು ಮುಟ್ಟಿದಾಗ ಅದು ಬಿಸಿಯೇರಿರಬಾರದು. ತೆಗೆದ ಹಳೆಯ ಸ್ವಿಚ್ಚನ್ನು, ಅದು ಮುರಿದಿದ್ದರೂ, ಚೀಟಿ ಬರೆದು ಎತ್ತಿಡಬೇಕು. ಮುಂದೆ ಯಾರಾದರೂ ಅಚ್ಚು ಮಾಡಿಸಹೊರಟಾಗ ಅಳತೆ ತೆಗೆಯಲು ಬೇಕಾಗುವುದು ಅದೇ.